ಫೋನಿನ ಪರದೆಗೆ ಕನ್ನಡದ ಜಾಹೀರಾತು: ಅಕ್ಷರ ಜೋಡಣೆಯಿಂದ ಆರ್ಡರ್ ಬರುವವರೆಗೆ

ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತಯಾರಿಸಿ ಮಾರುವವರು ಇಂದು ಅಂಗಡಿಗೆ ಬೋರ್ಡು ಬರೆಸುವ ಮೊದಲೇ ವಾಟ್ಸಾಪ್ ಸ್ಟೇಟಸ್‌ಗೆಂದು ಒಂದು ಪೋಸ್ಟರ್ ಮಾಡಿಸುತ್ತಾರೆ. ಅಂಥ ಪೋಸ್ಟರುಗಳಲ್ಲಿ ಫೋಟೋ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಈಗಿನ ಫೋನುಗಳ ಕ್ಯಾಮೆರಾ ಅಷ್ಟರ ಮಟ್ಟಿಗೆ ಸುಧಾರಿಸಿದೆ. ಕೆಡುವುದು ಅಕ್ಷರ. ಒತ್ತು ಕಳಚಿಕೊಂಡಿರುತ್ತದೆ, ಎರಡು ಸಾಲುಗಳು ಒಂದಕ್ಕೊಂದು ತಾಗಿರುತ್ತವೆ, ಬಣ್ಣದ ಮೇಲೆ ಬಣ್ಣ ಕೂತು ಬೆಲೆಯೇ ಓದಲಾಗದಂತಾಗಿರುತ್ತದೆ. ಇಷ್ಟು ಸಾಲದೆಂಬಂತೆ, ಅದೇ ಅಕ್ಷರಗಳು ಚಿತ್ರದೊಳಗೆ ಸಿಕ್ಕಿಕೊಂಡು ಹುಡುಕುವವರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿ ಬಣ್ಣ ಮತ್ತು ಅಲಂಕಾರಕ್ಕಿಂತ ಮೊದಲು ಅಕ್ಷರವನ್ನು ಹಿಡಿದು ಹೊರಡುತ್ತದೆ. ಉದಾಹರಣೆಗಾಗಿ, ಶಿರಸಿಯ ಕಡೆಯ ಒಂದು ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಪೋಸ್ಟರ್ ಮಾಡುತ್ತಿದ್ದಾರೆ ಎಂದು ಇಟ್ಟುಕೊಳ್ಳೋಣ.

ಮೊದಲು ಹೇಳಬೇಕಾದದ್ದನ್ನು ಕಾಗದದ ಮೇಲೆ ಬರೆಯಿರಿ

ವಿನ್ಯಾಸದ ತಂತ್ರಾಂಶವನ್ನು ತೆರೆಯುವ ಮುನ್ನ ನಾಲ್ಕೇ ಸಂಗತಿಗಳನ್ನು ಬರೆದುಕೊಳ್ಳಬೇಕು: ಏನು ಮಾರುತ್ತಿದ್ದೀರಿ, ತೂಕ ಮತ್ತು ಬೆಲೆ ಎಷ್ಟು, ಎಲ್ಲಿಗೆ ಕಳುಹಿಸುತ್ತೀರಿ, ಆರ್ಡರ್ ಹೇಗೆ ಕೊಡಬೇಕು. ಉಳಿದದ್ದೆಲ್ಲ, ಅಜ್ಜಿಯ ಕಾಲದ ರುಚಿ, ಶುದ್ಧ ಎಣ್ಣೆ, ಕೈಯಿಂದ ಆರಿಸಿದ ಮಿಡಿ ಇತ್ಯಾದಿ, ಚಿತ್ರದ ಜೊತೆಗೆ ಹಾಕುವ ಬರಹಕ್ಕೆ ಹೋಗಲಿ. ಹಿಂದೆ ಫೇಸ್‌ಬುಕ್ ಜಾಹೀರಾತಿನ ಚಿತ್ರದಲ್ಲಿ ಶೇ. 20ಕ್ಕಿಂತ ಹೆಚ್ಚು ಭಾಗ ಅಕ್ಷರಗಳಿದ್ದರೆ ಅಂಥ ಜಾಹೀರಾತು ಕಡಿಮೆ ಜನರನ್ನು ತಲುಪುವಂತೆ ಮಾಡಲಾಗುತ್ತಿತ್ತು. ಆ ನಿಯಮವನ್ನು 2020ರಲ್ಲಿ ಕೈಬಿಡಲಾಯಿತು. ನಿಯಮ ಹೋಯಿತೆಂದು ಚಿತ್ರದ ತುಂಬ ಬರೆಯುವವರು ಹೆಚ್ಚಿದ್ದಾರೆ, ಆದರೆ ಬೆರಳಿನಿಂದ ಪರದೆಯನ್ನು ಸರಿಸುತ್ತಾ ಹೋಗುವವರು ಓದುವುದು ಮೊದಲ ಸಾಲನ್ನು ಮಾತ್ರ.

ಆಹಾರ ಪದಾರ್ಥವಾದರೆ ಐದನೆಯದೊಂದು ಸಂಗತಿಯೂ ಇದೆ. ಆಹಾರ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನೀಡುವ 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಡಬ್ಬಿಯ ಚೀಟಿಯ ಮೇಲೆ ಇರಲೇಬೇಕು. ಅದನ್ನೇ ಪೋಸ್ಟರಿನ ಮೂಲೆಯಲ್ಲಿಯೂ ಹಾಕಿದರೆ, ದೂರದ ಊರಿನಲ್ಲಿದ್ದು ನಿಮ್ಮನ್ನು ಕಂಡರಿಯದ ಗ್ರಾಹಕರಿಗೆ ಒಂದು ಭರವಸೆ ಸಿಗುತ್ತದೆ.

ಟೈಪ್ ಮಾಡುವುದು ಯುನಿಕೋಡ್‌ನಲ್ಲೇ ಆಗಲಿ

ಯುನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಟ್ಟಿರುವ, ಇಂದಿನ ಎಲ್ಲ ಫೋನು, ಕಂಪ್ಯೂಟರುಗಳೂ ಅರಿತಿರುವ ವ್ಯವಸ್ಥೆ. ಆದರೆ ಅಚ್ಚಿಗೆ ಅಕ್ಷರ ಜೋಡಿಸಿಕೊಡುವ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಲಾಗಿರುತ್ತದೆ. ಕಣ್ಣಿಗೆ ಕನ್ನಡ ಕಂಡರೂ ಕಡತದೊಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಅಚ್ಚಿಗೆ ಇದರಿಂದ ತೊಂದರೆಯಿಲ್ಲ. ಆದರೆ ಆ ಪಠ್ಯವನ್ನು ನಕಲು ಮಾಡಿ ವಾಟ್ಸಾಪ್‌ಗೋ ಇನ್‌ಸ್ಟಾಗ್ರಾಂಗೋ ಹಾಕಿದ ಕೂಡಲೇ ಬಣ್ಣ ಬಯಲಾಗುತ್ತದೆ. ನುಡಿ ಮತ್ತು ಬರಹದ ಈಚಿನ ಆವೃತ್ತಿಗಳಲ್ಲಿ ಯುನಿಕೋಡ್ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಂಡರೆ ಕೈಗೆ ಒಗ್ಗಿದ ಕೀಲಿಮಣೆಯನ್ನು ಬಿಡಬೇಕಾಗಿಲ್ಲ. ಟೈಪಿಂಗ್ ಬಾರದವರು ಫೋನಿನ ಕೀಬೋರ್ಡಿನಲ್ಲಿ ಮಾತಾಡಿಯೇ ಬರೆಸಬಹುದು, ಆದರೆ ಬಂದದ್ದನ್ನು ಒಮ್ಮೆ ಓದಿ ತಿದ್ದದೆ ಬಳಸಬಾರದು.

ಹಳೆಯ ಪಠ್ಯವಿದ್ದರೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ ಪರಿವರ್ತಕಗಳ ಮೂಲಕ ಅದನ್ನು ಯುನಿಕೋಡ್‌ಗೆ ತರಬಹುದು. ಪರಿವರ್ತನೆಯ ನಂತರ ಮೂರು ಕಡೆ ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟುಗಳಲ್ಲಿ ‘ಮ’ ಅಕ್ಷರವನ್ನು ‘ವ’ದ ತುಂಡಿಗೆ ಇನ್ನೊಂದು ತುಂಡು ಸೇರಿಸಿ ಕಟ್ಟಲಾಗುತ್ತಿತ್ತಾದ್ದರಿಂದ ‘ಮತ್ತು’ ಎಂಬುದು ‘ವುತ್ತು’ ಆಗಿ ಬಂದಿರಬಹುದು. ಅರ್ಕಾವತ್ತು ಇರುವ ಪದಗಳಲ್ಲಿ ರಕಾರ ತನ್ನ ಸ್ಥಾನ ಬಿಟ್ಟು ಪಕ್ಕದ ಅಕ್ಷರಕ್ಕೆ ಸರಿದಿರಬಹುದು. ಎರಡು ಒತ್ತುಗಳಿರುವ ಪದಗಳಲ್ಲಿ ಒಂದು ಒತ್ತು ಬಿದ್ದುಹೋಗಿರಬಹುದು.

ತಂತ್ರಾಂಶ ಕನ್ನಡವನ್ನು ಅರಿತಿದೆಯೇ ಎಂದು ಪರೀಕ್ಷಿಸಿ

ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಲದು. ಅಕ್ಷರಗಳನ್ನು ಜೋಡಿಸಿ ಒತ್ತಕ್ಷರ ಮಾಡುವ ಕೆಲಸ ವಿನ್ಯಾಸದ ತಂತ್ರಾಂಶದ್ದು. ಪ್ರತಿ ಹೊಸ ತಂತ್ರಾಂಶದಲ್ಲಿಯೂ ಮೊದಲು ಈ ಸಾಲನ್ನು ಹಾಕಿ ನೋಡುವುದು ಒಳ್ಳೆಯ ಅಭ್ಯಾಸ: ‘ಸಿರ್ಸಿ, ರಾಷ್ಟ್ರ, ಸ್ವಾತಂತ್ರ್ಯ, ಕೃಷಿ, ಜ್ಞಾನ, ಕ್ಷೇತ್ರ’. ‘ಸಿರ್ಸಿ’ಯಲ್ಲಿ ಅರ್ಕಾವತ್ತು ಎರಡನೆಯ ‘ಸಿ’ಯ ಬಲಕ್ಕೆ ಕೂರಬೇಕು. ‘ಸ್ವಾತಂತ್ರ್ಯ’ದ ಕೊನೆಯಲ್ಲಿ ತಕಾರಕ್ಕೆ ರ ಮತ್ತು ಯ ಎರಡರ ಒತ್ತೂ ಬರಬೇಕು. ಹಾಗಾಗದೆ ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಂತಿದ್ದರೆ ದೋಷ ಫಾಂಟಿನದಲ್ಲ, ತಂತ್ರಾಂಶದ ಸೆಟ್ಟಿಂಗ್‌ನದು.

ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ, ಅಲ್ಲಿ ಟೆಕ್ಸ್ಟ್ ಎಂಜಿನ್ ಎಂಬ ಆಯ್ಕೆ ಇದ್ದರೆ ‘ವರ್ಲ್ಡ್-ರೆಡಿ ಲೇಔಟ್’ ಆರಿಸಬೇಕು. ಹಳೆಯ ಆವೃತ್ತಿಗಳಲ್ಲಿ ಇದೇ ಆಯ್ಕೆ ‘ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂಬ ಹೆಸರಿನಲ್ಲಿರುತ್ತದೆ. ಈ ಬದಲಾವಣೆ ಮುಂದೆ ತೆರೆಯುವ ಹೊಸ ಕಡತಕ್ಕೆ ಅನ್ವಯಿಸುತ್ತದೆಯೇ ಹೊರತು ಈಗಾಗಲೇ ತೆರೆದಿರುವ ಕಡತಕ್ಕಲ್ಲ, ಹಾಗಾಗಿ ಸೆಟ್ಟಿಂಗ್ ಬದಲಿಸಿದರೂ ಸರಿಹೋಗಲಿಲ್ಲವೆಂದು ಕೈಚೆಲ್ಲಬೇಡಿ. ಇಲಸ್ಟ್ರೇಟರ್‌ನಲ್ಲಿ ಅದೇ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಎಂಬುದಕ್ಕೆ ಗುರುತು ಹಾಕಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಿಂದ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆಯ್ದುಕೊಳ್ಳಬೇಕು. ಹಣ ಕೊಡದೆ ಸಿಗುವ ಇಂಕ್‌ಸ್ಕೇಪ್ ಮತ್ತು ಗಿಂಪ್‌ಗಳಲ್ಲಿ ಈ ಯಾವ ಗೋಜೂ ಇಲ್ಲದೆ ಕನ್ನಡ ತಾನಾಗಿಯೇ ಸರಿಯಾಗಿ ಮೂಡುತ್ತದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಫಾಂಟ್ ಮತ್ತು ಜಾಗ: ಹೆಚ್ಚು ಹೊತ್ತು ಕಳೆಯಬೇಕಾದ ಹಂತ

ಉಚಿತ ಫಾಂಟುಗಳ ತಾಣವಾದ ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡದ ಆಯ್ಕೆಗಳು ಇಂಗ್ಲಿಷ್‌ನಷ್ಟಿಲ್ಲ, ಆದರೆ ಒಂದು ಪೋಸ್ಟರಿಗೆ ಬೇಕಾದಷ್ಟು ಇವೆ. ದಪ್ಪನೆಯ, ದುಂಡಗಿನ, ಅಂಗಡಿಯ ಬೋರ್ಡಿನ ಲವಲವಿಕೆಯಿರುವ ತಲೆಬರಹಕ್ಕೆ ಬಲೂ ತಮ್ಮ. ಕುಂಚದ ಬಾಗುಬಳುಕು ಬೇಕಾದರೆ ಅಕಾಯ ಕನಡಕ. ಉದ್ದನೆಯ ಬರಹಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ಟಿರೋ ಕನ್ನಡ. ಬೆಲೆ, ತೂಕ, ವಿಳಾಸಗಳಿಗೆ ನೋಟೋ ಸ್ಯಾನ್ಸ್ ಕನ್ನಡ. ಇವೆಲ್ಲ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾಗಿದ್ದು, ವ್ಯಾಪಾರದ ಪೋಸ್ಟರುಗಳಲ್ಲಿ ಬಳಸಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಎಕ್ ಟೈಪ್ ಸಂಸ್ಥೆ ರೂಪಿಸಿದ ಅನೇಕ್ ಕನ್ನಡ. ಇದು ವೇರಿಯಬಲ್ ಫಾಂಟ್, ಅಂದರೆ ಒಂದೇ ಕಡತದೊಳಗೆ ಅಕ್ಷರದ ದಪ್ಪವನ್ನು 100ರಿಂದ 800ರವರೆಗೂ ಅಗಲವನ್ನು 75ರಿಂದ 125ರವರೆಗೂ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಕನ್ನಡಕ್ಕೆ ಈ ಅಗಲದ ಆಯ್ಕೆ ಏಕೆ ವರವೆಂದರೆ, ನಮ್ಮ ಪದಗಳಿಗೆ ಪ್ರತ್ಯಯಗಳು ಅಂಟಿಕೊಂಡು ಅವು ಉದ್ದವಾಗುತ್ತವೆ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂಬ ಎರಡೇ ಪದಗಳು ಚೌಕಾಕಾರದ ಚಿತ್ರದ ಒಂದು ಸಾಲಿನಲ್ಲಿ ದೊಡ್ಡದಾಗಿ ಹಿಡಿಸುವುದಿಲ್ಲ. ಆಗ ಹೆಚ್ಚಿನವರು ಮಾಡುವುದು ಅಕ್ಷರದ ಪೆಟ್ಟಿಗೆಯನ್ನು ಎರಡು ಬದಿಯಿಂದ ಒತ್ತಿ ಚಪ್ಪಟೆ ಮಾಡುವುದು. ಹಾಗೆ ಮಾಡಿದಾಗ ಲಂಬ ಗೆರೆಗಳು ತೆಳುವಾಗಿ ಅಡ್ಡಗೆರೆಗಳು ಮಾತ್ರ ದಪ್ಪವಾಗಿ ಉಳಿದು, ದುಂಡನೆಯ ಕನ್ನಡ ಅಕ್ಷರ ಜಜ್ಜಿದಂತೆ ಕಾಣುತ್ತದೆ. ಅನೇಕ್‌ನಲ್ಲಿ ಅಗಲವನ್ನು 75ಕ್ಕೆ ಇಳಿಸಿದರೆ ಆ ಇಕ್ಕಟ್ಟಿಗೆಂದೇ ಬರೆದ ಆಕಾರ ಬರುತ್ತದೆ, ಗೆರೆಯ ತೂಕ ಕೆಡುವುದಿಲ್ಲ.

ಇನ್ನು ಸಾಲುಗಳ ನಡುವಿನ ಜಾಗ. ಇಂಗ್ಲಿಷ್ ಅಕ್ಷರಗಳಿಗೆಂದು ತಂತ್ರಾಂಶ ತಾನಾಗಿಯೇ ಬಿಡುವ ಅಂತರ, ಅಕ್ಷರದ ಗಾತ್ರದ ಸುಮಾರು 1.2 ಪಟ್ಟು, ಕನ್ನಡಕ್ಕೆ ಎಷ್ಟೋ ಬಾರಿ ಸಾಲದು. ಮೇಲಿನ ಸಾಲಿನ ಒತ್ತುಗಳು ಕೆಳಗೆ ಇಳಿಯುತ್ತವೆ, ಕೆಳಗಿನ ಸಾಲಿನ ಗುಣಿತದ ಗುಡಿಸುಗಳು ಮೇಲೆ ಏಳುತ್ತವೆ. ಎರಡೂ ಒಂದೇ ಜಾಗದಲ್ಲಿ ಎದುರಾದರೆ ಡಿಕ್ಕಿ ಖಚಿತ. ನಮ್ಮ ಪೋಸ್ಟರಿನಲ್ಲಿ ‘ಅಪ್ಪೆಮಿಡಿ’ಯ ಕೆಳಗೆ ‘ಉಪ್ಪಿನಕಾಯಿ’ಯನ್ನು ಇಟ್ಟರೆ, ಮೇಲಿನ ಸಾಲಿನ ಪಕಾರದ ಒತ್ತು ಕೆಳಗಿನ ‘ಪ್ಪಿ’ಯ ಗುಡಿಸಿಗೆ ಹೋಗಿ ತಾಗುತ್ತದೆ. ಬರಹದ ಭಾಗಕ್ಕೆ 1.5 ಪಟ್ಟು ಅಂತರವಿಟ್ಟು, ತಲೆಬರಹಕ್ಕೆ ಸಂಖ್ಯೆಯನ್ನು ನಂಬದೆ ಕಣ್ಣಿನಿಂದ ಅಳೆದು ಹೊಂದಿಸಬೇಕು. ಒಂದು ಸಾಲನ್ನು ಅರ್ಧ ಅಕ್ಷರದಷ್ಟು ಪಕ್ಕಕ್ಕೆ ಸರಿಸಿದರೆ ಅಂತರ ಹೆಚ್ಚಿಸದೆಯೇ ಡಿಕ್ಕಿ ತಪ್ಪುವುದುಂಟು.

ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸುವ ಇಂಗ್ಲಿಷ್ ಪೋಸ್ಟರುಗಳ ಷೋಕಿಯನ್ನು ಕನ್ನಡಕ್ಕೆ ತರಲೇಬಾರದು. ‘ಕೀ’, ‘ಕೇ’ಗಳ ದೀರ್ಘದ ಚಿಹ್ನೆ, ಅರ್ಕಾವತ್ತು, ಬಲಕ್ಕೆ ಕೂರುವ ಒತ್ತುಗಳು ತಮ್ಮ ಅಕ್ಷರದಿಂದ ದೂರ ಸರಿದು ಅನಾಥವಾಗಿ ನಿಲ್ಲುತ್ತವೆ. ಎರಡೂ ಅಂಚುಗಳನ್ನು ಸಮ ಮಾಡುವುದೂ ಹಾಗೆಯೇ: ಉದ್ದ ಪದಗಳ ಕನ್ನಡದಲ್ಲಿ, ಕಿರಿದಾದ ಅಂಕಣದಲ್ಲಿ, ಸಾಲಿಗೆ ಎರಡೋ ಮೂರೋ ಪದಗಳು ಬಿದ್ದು ನಡುವೆ ದೊಡ್ಡ ಗುಂಡಿಗಳು ಉಳಿಯುತ್ತವೆ. ಎಡಕ್ಕೆ ಮಾತ್ರ ಸಮ ಮಾಡಿ ಬಲಗಡೆಯನ್ನು ಅದರ ಪಾಡಿಗೆ ಬಿಡಿ.

ಚಿಕ್ಕ ಅಕ್ಷರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ದ–ಧ, ಬ–ಭ, ಪ–ಫ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಅಡಿಯಲ್ಲಿನ ಒಂದು ಚಿಕ್ಕ ಗೀಟು ಮಾತ್ರ. ದಪ್ಪ ಫಾಂಟಿನಲ್ಲಿ, ಸಣ್ಣ ಗಾತ್ರದಲ್ಲಿ, ಸಂಕುಚಿಸಿದ ಚಿತ್ರದಲ್ಲಿ ಆ ಗೀಟು ತುಂಬಿಕೊಂಡು ಮಾಯವಾಗುತ್ತದೆ. ಆದ್ದರಿಂದ ಚಿಕ್ಕ ಬರಹಕ್ಕೆ ಮಧ್ಯಮ ದಪ್ಪದ ಅಕ್ಷರವೇ ಲೇಸು. ರೂಪಾಯಿ ಚಿಹ್ನೆಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಅದು ಯುನಿಕೋಡ್‌ಗೆ ಸೇರಿದ್ದು 2010ರಲ್ಲಿ, ಅದಕ್ಕೂ ಹಳೆಯ ಫಾಂಟುಗಳಲ್ಲಿ ಅದು ಇಲ್ಲದಿರುವುದರಿಂದ ತಂತ್ರಾಂಶ ಬೇರೆ ಫಾಂಟಿನಿಂದ ಕಡ ತಂದು ಹಾಕಿರುತ್ತದೆ, ಇಲ್ಲವೇ ಖಾಲಿ ಚೌಕ ತೋರಿಸುತ್ತದೆ. ಅನುಮಾನವಿದ್ದರೆ ‘ರೂ.’ ಎಂದೇ ಬರೆಯಿರಿ.

ಬಣ್ಣದ ಲೆಕ್ಕ

ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕೆಂಬ ಉದ್ದೇಶದಿಂದ, ವೆಬ್‌ನ ಮಾನದಂಡಗಳನ್ನು ನಿಗದಿಪಡಿಸುವ ಡಬ್ಲ್ಯೂ3ಸಿ ಸಂಸ್ಥೆ ರೂಪಿಸಿರುವ ಮಾರ್ಗಸೂಚಿಯಲ್ಲಿ, ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ವ್ಯತ್ಯಾಸ ಸಾಮಾನ್ಯ ಬರಹಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ ಕನಿಷ್ಠ 3:1 ಇರಬೇಕೆಂದಿದೆ. ಈ ಅನುಪಾತವನ್ನು ಅಳೆದು ಹೇಳುವ ಉಚಿತ ಸಾಧನಗಳು ಹಲವಿವೆ. ನವೆಂಬರ್ ತಿಂಗಳಲ್ಲಿ ಎಲ್ಲೆಲ್ಲೂ ಕಾಣುವ ಹಳದಿ-ಕೆಂಪಿನ ಜೋಡಿಯನ್ನೇ ಅಳೆದು ನೋಡೋಣ. ಪರದೆಯ ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಬರೆದರೆ ಅನುಪಾತ ಸುಮಾರು 3.7:1. ತಲೆಬರಹಕ್ಕೆ ಪರವಾಗಿಲ್ಲ, ಆದರೆ ಕೆಳಗಿನ ಚಿಕ್ಕ ಅಕ್ಷರದ ಫೋನ್ ನಂಬರಿಗೆ ಸಾಲದು. ಕೆಂಪನ್ನು ಕಡುಗೆಂಪಿನತ್ತ ಇಳಿಸಿದರೆ ಅದೇ ಜೋಡಿ 6:1ರ ಆಸುಪಾಸಿಗೆ ಬರುತ್ತದೆ, ರಾಜ್ಯೋತ್ಸವದ ಕಳೆಯೂ ಹೋಗುವುದಿಲ್ಲ. ಹಳದಿಯ ಮೇಲೆ ಬಿಳಿ ಬರೆಯುವವರಿಗೆ ಮಾತ್ರ ಹೇಳುವುದೇನೂ ಇಲ್ಲ: ಅದು 1.1:1ನ್ನೂ ಮುಟ್ಟುವುದಿಲ್ಲ.

ಕೆಂಪು ಅಕ್ಷರದ ಅಂಚು ವಾಟ್ಸಾಪ್‌ನಲ್ಲಿ ಮಸುಕಾಗುವುದಕ್ಕೆ ಬೇರೆಯದೇ ಕಾರಣವಿದೆ. ಫೋಟೋಗಳನ್ನು ಉಳಿಸುವ ಸಾಮಾನ್ಯ ರೂಪವಾದ ಜೆಪೆಗ್‌ನಲ್ಲಿ ಚಿತ್ರವನ್ನು ಸಂಕುಚಿಸುವಾಗ ಬೆಳಕು-ಕತ್ತಲೆಯ ವಿವರವನ್ನು ಪೂರ್ತಿಯಾಗಿ ಉಳಿಸಿಕೊಂಡು, ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಲಾಗುತ್ತದೆ. ಕೇವಲ ಬಣ್ಣದಿಂದ ಬೇರ್ಪಟ್ಟಿರುವ, ಬೆಳಕಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಅಕ್ಷರಗಳು, ಉದಾಹರಣೆಗೆ ಹಸಿರು ಮಿಡಿಯ ಫೋಟೋದ ಮೇಲೆ ಬರೆದ ಕೆಂಪು ಅಕ್ಷರಗಳು, ಇದರಲ್ಲಿ ಮೊದಲು ಕದಡಿಹೋಗುತ್ತವೆ. ಫೋಟೋದ ಮೇಲೆಯೇ ಬರೆಯುವುದಾದರೆ ಬಿಳಿ ಅಕ್ಷರಕ್ಕೆ ಹಿಂದಿನಿಂದ ಕಪ್ಪು ಛಾಯೆಯ ಪಟ್ಟಿ ಕೊಡುವುದು ಸುರಕ್ಷಿತ.

ಗಾತ್ರ ಮತ್ತು ಕಳುಹಿಸುವ ರೀತಿ

ಇನ್‌ಸ್ಟಾಗ್ರಾಂಗೆ 1080 × 1350 ಪಿಕ್ಸೆಲ್‌ನ ಲಂಬ ಚಿತ್ರ ಮಾಡಿ. 2025ರ ಜನವರಿಯಲ್ಲಿ ಅಲ್ಲಿನ ಪ್ರೊಫೈಲ್ ಪುಟದ ಚೌಕಗಳೂ ಲಂಬ ಆಯತಗಳಾಗಿ ಬದಲಾದ್ದರಿಂದ ಹಳೆಯ 1080 × 1080ರ ಚೌಕಕ್ಕೆ ಈಗ ವಿಶೇಷ ಲಾಭವಿಲ್ಲ. ಸ್ಟೇಟಸ್, ಸ್ಟೋರಿ, ರೀಲ್ಸ್‌ಗಳಿಗೆ 1080 × 1920. ರೀಲ್ಸ್ ಜಾಹೀರಾತುಗಳಲ್ಲಿ ಮೇಲಿನ ಶೇ. 14 ಮತ್ತು ಕೆಳಗಿನ ಶೇ. 35 ಭಾಗವನ್ನು ಖಾಲಿ ಬಿಡಬೇಕೆಂದು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ಒಡೆತನದ ಮೆಟಾ ಕಂಪನಿ ಸೂಚಿಸುತ್ತದೆ. ಅಂದರೆ 1920ರಲ್ಲಿ ಮೇಲೆ ಸುಮಾರು 270, ಕೆಳಗೆ 670 ಪಿಕ್ಸೆಲ್. ಖಾತೆಯ ಹೆಸರು, ಶೀರ್ಷಿಕೆ, ಗುಂಡಿಗಳು ಅಲ್ಲಿ ಬಂದು ಕೂರುತ್ತವೆ. ಬೆಲೆಯನ್ನು ಅಡಿಯಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿರುವುದರಿಂದ ಇದನ್ನು ವಿಶೇಷವಾಗಿ ನೆನಪಿಡಬೇಕು.

ಚಿತ್ರವನ್ನು, ವಿವರ ಕಳೆದುಕೊಳ್ಳದ ಪಿಎನ್‌ಜಿ ರೂಪದಲ್ಲಿ ಉಳಿಸಿ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ 2023ರಿಂದ ಲಭ್ಯವಿರುವ ಎಚ್‌ಡಿ ಗುಂಡಿಯನ್ನು ಒತ್ತಿ. ಅಚ್ಚಿಗೆ ಹೋಗಬೇಕಾದ ಕಡತವನ್ನಂತೂ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿಯೇ ಕಳುಹಿಸಬೇಕು.

ಚಿತ್ರದಲ್ಲಿರುವುದನ್ನು ಮತ್ತೊಮ್ಮೆ ಬರೆಯಿರಿ

ಚಿತ್ರದೊಳಗಿನ ಅಕ್ಷರ ನಕಲು ಮಾಡಲು ಸುಲಭವಾಗಿ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದೀತೆಂಬ ಭರವಸೆಯೂ ಇಲ್ಲ. ಆದ್ದರಿಂದ ಬೆಲೆ, ತೂಕ, ನಂಬರು ಎಲ್ಲವನ್ನೂ ಚಿತ್ರದ ಕೆಳಗಿನ ಬರಹದಲ್ಲಿ ಯುನಿಕೋಡ್ ಕನ್ನಡದಲ್ಲಿ ಪುನಃ ಬರೆಯಬೇಕು. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ವಿವರಣೆ ಬರೆಯಲೆಂದು ಆಲ್ಟ್ ಟೆಕ್ಸ್ಟ್ ಎಂಬ ಜಾಗ 2018ರಿಂದ ಇದೆ. ಅಲ್ಲಿ ‘ಸ್ಟೀಲ್ ತಟ್ಟೆಯಲ್ಲಿ ಕೆಂಪು ಮಸಾಲೆಯ ಅಪ್ಪೆಮಿಡಿ ಉಪ್ಪಿನಕಾಯಿ, ಪಕ್ಕದಲ್ಲಿ ಅರ್ಧ ಕಿಲೋ ಬಾಟಲಿ’ ಎಂದು ಒಂದು ವಾಕ್ಯ ಸಾಕು.

ಜನ ಹುಡುಕುವುದು ಎರಡು ಲಿಪಿಗಳಲ್ಲಿ. ‘ಅಪ್ಪೆಮಿಡಿ’ ಎಂದು ಕನ್ನಡದಲ್ಲಿ ಬರೆಯುವವರೂ ಇದ್ದಾರೆ, ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೂ ಇದ್ದಾರೆ. ಹೊರದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗಾಗಿ ಆರ್ಡರ್ ಮಾಡುವುದೂ ಹೆಚ್ಚಾಗಿ ಎರಡನೆಯ ರೀತಿಯಲ್ಲಿ. ಯಾವ ಪದವನ್ನು ಜನ ಎಷ್ಟು ಹುಡುಕುತ್ತಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿ ಕರ್ನಾಟಕಕ್ಕೆ ಸೀಮಿತಗೊಳಿಸಿ ನೋಡಿದರೆ ಯಾವುದಕ್ಕೆ ಒತ್ತು ಕೊಡಬೇಕೆಂದು ತಿಳಿಯುತ್ತದೆ. ಹುಡುಕಾಟ ತೀರಾ ಕಡಿಮೆಯಿದ್ದು ಗೆರೆಯೇ ಮೂಡದಿದ್ದರೆ ‘ಉಪ್ಪಿನಕಾಯಿ’ಯಂಥ ಸಾಮಾನ್ಯ ಪದವನ್ನು ಹಾಕಿ ನೋಡಿ.

ಕೊಂಡಿ, ಕ್ಯೂಆರ್ ಮತ್ತು ಎಸ್‌ಎಂಎಸ್

ವೆಬ್‌ಸೈಟ್ ಇದ್ದವರು ಪುಟದ ವಿಳಾಸದಲ್ಲಿ ಕನ್ನಡ ಪದಗಳನ್ನು ಇಡುವ ಮುನ್ನ ಒಂದು ಲೆಕ್ಕವನ್ನು ತಿಳಿದಿರಬೇಕು. ‘ಕನ್ನಡ’ ಎಂಬ ಪದ ಕಂಪ್ಯೂಟರಿಗೆ ಐದು ಸಂಕೇತಗಳು: ಕ, ನ, ಒತ್ತು ಮೂಡಿಸುವ ಹಲಂತ ಚಿಹ್ನೆ, ನ, ಡ. ಪ್ರತಿ ಸಂಕೇತಕ್ಕೆ ಮೂರು ಬೈಟ್. ವಿಳಾಸವನ್ನು ನಕಲು ಮಾಡಿದಾಗ ಪ್ರತಿ ಬೈಟ್ ಕೂಡ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರವಾಗುತ್ತದೆ. ಹೀಗೆ ಒಂದು ಪುಟ್ಟ ಪದ 45 ಅಕ್ಷರಗಳ ಬಾಲವಾಗಿ ಗ್ರೂಪಿನಲ್ಲಿ ಬಂದು ಬೀಳುತ್ತದೆ, ನೋಡಿದವರಿಗೆ ಮೋಸದ ಲಿಂಕಿನಂತೆ ಕಾಣುತ್ತದೆ. ವಿಳಾಸವನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿಟ್ಟು, ಪುಟದ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದು, ಓಪನ್ ಗ್ರಾಫ್ ಚಿತ್ರವಾಗಿ, ಅಂದರೆ ಕೊಂಡಿ ಹಂಚಿದಾಗ ಜೊತೆಗೆ ಕಾಣುವ ಚಿತ್ರವಾಗಿ, 1200 × 630ರ ಒಂದು ಚಿತ್ರ ಸೇರಿಸಿದರೆ ಹಂಚಿಕೊಂಡಾಗ ಕನ್ನಡವೇ ಎದ್ದು ಕಾಣುತ್ತದೆ.

ಎಸ್‌ಎಂಎಸ್‌ನಲ್ಲೂ ಇದೇ ಪಾಡು: ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲೂ ‘ಸ್ತ್ರೀ’ಯಂಥ ಒಂದೇ ಅಕ್ಷರ ಆರು ಸಂಕೇತಗಳನ್ನು ನುಂಗುತ್ತದೆ. ಜಾಹೀರಾತಿನ ಎಸ್‌ಎಂಎಸ್‌ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಕಳುಹಿಸುವವರ ಹೆಸರು ಮತ್ತು ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಬೇಕಾಗಿರುವುದರಿಂದ ಚಿಕ್ಕ ವ್ಯಾಪಾರಕ್ಕೆ ಆ ದಾರಿ ಬೇಡವೆಂದೇ ನನ್ನ ಸಲಹೆ.

ಕ್ಯೂಆರ್ ಹಾಕುವುದಾದರೆ ಸುತ್ತಲೂ ಅದರೊಳಗಿನ ಪುಟ್ಟ ಚೌಕಗಳಲ್ಲಿ ನಾಲ್ಕರಷ್ಟು ಅಗಲದ ಬಿಳಿ ಜಾಗ ಬಿಡಲೇಬೇಕು. ನಡುವೆ ಲೋಗೋ ಕೂರಿಸುವವರು ಒಂದು ಭಾಗ ಮುಚ್ಚಿಹೋದರೂ ಓದಲು ಬರುವಂತೆ ದೋಷ ಸರಿಪಡಿಸುವ ಮಟ್ಟವನ್ನು ಅತಿ ಹೆಚ್ಚಿನದಕ್ಕೆ, ಅಂದರೆ ಶೇ. 30ಕ್ಕೆ, ಇಟ್ಟು ರಚಿಸಬೇಕು. ಫೋನಿನಲ್ಲೇ ನೋಡುವ ಪೋಸ್ಟರಿಗೆ ಕ್ಯೂಆರ್ ಹಾಕುವುದರಲ್ಲಿ ಅಷ್ಟೇನೂ ಅರ್ಥವಿಲ್ಲ, ಏಕೆಂದರೆ ನೋಡುತ್ತಿರುವವರ ಕೈಯಲ್ಲಿರುವುದು ಅದೊಂದೇ ಫೋನು.

ಹಂಚುವುದು ಮತ್ತು ಎಣಿಸುವುದು

ವಾಟ್ಸಾಪ್ ಬಿಸಿನೆಸ್‌ನಲ್ಲಿ ಹಲವರಿಗೆ ಒಮ್ಮೆಲೇ ಸಂದೇಶ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಪಾರ್ಸೆಲ್ ಡಬ್ಬಿಯೊಳಗೆ ‘ಮುಂದಿನ ಹಂಗಾಮಿನ ಸುದ್ದಿಗೆ ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡುವುದು ಹಣ ಕೊಟ್ಟು ಮಾಡುವ ಪ್ರಚಾರಕ್ಕಿಂತ ಅಗ್ಗ.

ಜಾಹೀರಾತಿಗೆ ಹಣ ಹಾಕುವ ಮೊದಲು ಮೆಟಾ ಆಡ್ ಲೈಬ್ರರಿ ಎಂಬ ತಾಣವನ್ನು ತೆರೆದು ಭಾರತವನ್ನು ಆರಿಸಿ ‘ಉಪ್ಪಿನಕಾಯಿ’ ಎಂದು ಹುಡುಕಿ. ಬೇರೆಯವರು ಈಗ ನಡೆಸುತ್ತಿರುವ ಜಾಹೀರಾತುಗಳೂ ಅವು ಯಾವ ದಿನದಿಂದ ನಡೆಯುತ್ತಿವೆ ಎಂಬುದೂ ಖಾತೆಯಿಲ್ಲದವರಿಗೂ ಕಾಣುತ್ತವೆ. ತಿಂಗಳುಗಟ್ಟಲೆ ನಿಲ್ಲದೆ ನಡೆಯುತ್ತಿರುವ ಜಾಹೀರಾತು ಬಹುಶಃ ಗಿಟ್ಟುತ್ತಿದೆ ಎಂದು ಊಹಿಸಬಹುದು, ಅದನ್ನು ಗಮನವಿಟ್ಟು ನೋಡಿ. ರೀಲ್ಸ್ ಮಾಡುವವರಿಗೆ ದುಡ್ಡು ಅಥವಾ ಉಚಿತ ಬಾಟಲಿ ಕೊಟ್ಟು ಹೊಗಳಿಸಿದರೆ ಅದು ಜಾಹೀರಾತು ಎಂಬುದನ್ನು ಸ್ಪಷ್ಟವಾಗಿ, ವಿಡಿಯೋದ ಭಾಷೆಯಲ್ಲೇ ಹೇಳಬೇಕು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದು ಸೇರಿದೆ.

ಕೊನೆಯದಾಗಿ ಲೆಕ್ಕ. ವೆಬ್‌ಸೈಟ್ ಇದ್ದವರು ಕೊಂಡಿಗಳಿಗೆ ಯುಟಿಎಂ ಎಂಬ, ಗ್ರಾಹಕರು ಎಲ್ಲಿಂದ ಬಂದರೆಂದು ತಿಳಿಸುವ ಗುರುತುಗಳನ್ನು ಸೇರಿಸಿ, ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನಲ್ಲಿ ನೋಡಬಹುದು. ಗುರುತಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೆರೆತರೆ ಒಂದೇ ಮೂಲ ಎರಡಾಗಿ ಎಣಿಕೆಯಾಗುವುದರಿಂದ ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಬರೆಯಬೇಕು. ವೆಬ್‌ಸೈಟ್ ಇಲ್ಲದವರಿಗೂ ಒಂದು ಉಪಾಯವಿದೆ. ಒತ್ತಿದ ಕೂಡಲೇ ನಿಮ್ಮ ನಂಬರಿಗೆ ಚಾಟ್ ತೆರೆಯುವ ವಾಟ್ಸಾಪ್ ಕೊಂಡಿಯಲ್ಲಿ ಮೊದಲೇ ಒಂದು ವಾಕ್ಯ ತುಂಬಿಡಬಹುದು. ಇನ್‌ಸ್ಟಾಗ್ರಾಂನ ಕೊಂಡಿಯಲ್ಲಿ ‘ಇನ್‌ಸ್ಟಾದಲ್ಲಿ ನೋಡಿದೆ, ಅರ್ಧ ಕೆ.ಜಿ. ಅಪ್ಪೆಮಿಡಿ ಬೇಕಿತ್ತು’ ಎಂದೂ, ಫೇಸ್‌ಬುಕ್‌ನ ಕೊಂಡಿಯಲ್ಲಿ ‘ಫೇಸ್‌ಬುಕ್‌ನಲ್ಲಿ ನೋಡಿದೆ’ ಎಂದೂ, ಡಬ್ಬಿಯ ಚೀಟಿಯ ಕ್ಯೂಆರ್‌ನಲ್ಲಿ ‘ಮತ್ತೊಮ್ಮೆ ಬೇಕು’ ಎಂದೂ ಇಡಿ. ಬಂದ ಸಂದೇಶದ ಮೊದಲ ಸಾಲೇ ಗ್ರಾಹಕರು ಎಲ್ಲಿಂದ ಬಂದರೆಂದು ತಿಳಿಸುತ್ತದೆ. ಪ್ರತಿಯೊಂದಕ್ಕೂ ವಾಟ್ಸಾಪ್ ಬಿಸಿನೆಸ್‌ನಲ್ಲಿ ಬೇರೆ ಬೇರೆ ಬಣ್ಣದ ಲೇಬಲ್ ಹಚ್ಚಿ, ತಿಂಗಳ ಕೊನೆಗೆ ಯಾವ ಲೇಬಲ್‌ನಲ್ಲಿ ಎಷ್ಟು ಚಾಟ್‌ಗಳಿವೆ, ಅವುಗಳಲ್ಲಿ ಎಷ್ಟು ಆರ್ಡರ್ ಆದವು ಎಂದು ಎಣಿಸಿ, ಮುಂದಿನ ತಿಂಗಳ ಪ್ರಚಾರದ ಹಣವನ್ನು ಅದಕ್ಕೆ ತಕ್ಕಂತೆ ಹಂಚಿ.